ಇವತ್ತು ಗಂಟಲಲ್ಲಿ ಏನು ಇಳಿಯಿತು?

ಕಿಮೋ ಕೊಟ್ಟ ದಿನ ಬಾಯಿ ಸರಿಯಾಗಿಯೇ ಇರುತ್ತದೆ. ಮಣಿಪಾಲದಲ್ಲಿ ಬೆಳಗ್ಗೆ ರಕ್ತಪರೀಕ್ಷೆಗೆ ಕೊಟ್ಟು, ವರದಿ ಬಂದ ಮೇಲೆ ಡೇ ಕೇರ್ ವಾರ್ಡಿನ ಹಾಸಿಗೆ ಸಿಕ್ಕಿ, ಡ್ರಿಪ್ ಹನಿಹನಿಯಾಗಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿರುತ್ತದೆ. ಸಂಜೆಯ ಬಸ್ಸಿಗೆ ಹತ್ತಿ ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವವರಿದ್ದಾರೆ. ಉಡುಪಿಗೆ ಇಳಿದು ಕಟಪಾಡಿ ಮೇಲೆ ಕಾಪುವಿಗೆ ಹೋಗುವವರಿದ್ದಾರೆ. ದಾರಿಯಲ್ಲಿ ವಾಂತಿಯಾದೀತು ಎಂಬ ಭಯ ಇರುತ್ತದೆ. ಕೂದಲು ಉದುರುವ ಚಿಂತೆ ಇರುತ್ತದೆ. ಬಾಯಿಯ ಯೋಚನೆ ಯಾರಿಗೂ ಇರುವುದಿಲ್ಲ. ಅದು ಸುರುವಾಗುವುದು ಐದರಿಂದ ಹತ್ತು ದಿನ ಕಳೆದ ಮೇಲೆ. ಆಗ ರೋಗಿ ಮನೆಯಲ್ಲಿರುತ್ತಾರೆ, ಡಾಕ್ಟರು ಮಣಿಪಾಲದಲ್ಲಿರುತ್ತಾರೆ, ಮುಂದಿನ ತಾರೀಕಿಗೆ ಇನ್ನೂ ಎರಡು ವಾರ ಇರುತ್ತದೆ. ಆ ತಾರೀಕಿಗೆ ಹೋಗುವಾಗ ಹುಣ್ಣು ಹೆಚ್ಚುಕಡಿಮೆ ಮಾಯ್ದಿರುತ್ತದೆ. "ಹೇಗಿದ್ದೀರಿ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. ಆ ಹೊತ್ತಿಗೆ ಅದು ನಿಜವೂ ಹೌದು. ನಡುವಿನ ಒಂದು ವಾರ ಅವರು ಪಟ್ಟ ಪಾಡು ಯಾವ ಫೈಲಿನಲ್ಲಿಯೂ ದಾಖಲಾಗುವುದಿಲ್ಲ.

ನಾನು ಇದನ್ನು ಬರೆಯಲು ಹೊರಟದ್ದು ಆ ದಾಖಲಾಗದ ವಾರದ ಸಲುವಾಗಿ.

ಕಾರಣವೇನೂ ನಿಗೂಢವಲ್ಲ. ಕ್ಯಾನ್ಸರ್ ಕೋಶಗಳು ಬೇಗ ಬೇಗ ಇಬ್ಭಾಗವಾಗುತ್ತವೆ, ಹಾಗೆ ಇಬ್ಭಾಗವಾಗುವ ಕೋಶವನ್ನು ಹುಡುಕಿ ಹೊಡೆಯುವುದು ಕಿಮೋ ಮದ್ದಿನ ಕೆಲಸ. ಆದರೆ ನಮ್ಮ ಬಾಯಿಯ ಒಳಪದರವೂ ಬೇಗ ಬೆಳೆಯುವಂಥದೇ. ಒಂದೆರಡು ವಾರಕ್ಕೊಮ್ಮೆ ಹಳೆಯ ಪದರ ಕಳಚಿ ಹೊಸದು ಬರುತ್ತಲೇ ಇರುತ್ತದೆ, ಆದ್ದರಿಂದಲೇ ಬಿಸಿ ಚಹಾಕ್ಕೆ ಸುಟ್ಟ ನಾಲಗೆ ಎರಡು ಮೂರು ದಿನದಲ್ಲಿ ಸರಿಹೋಗುವುದು. ಮದ್ದು ಈ ಕೋಶಗಳನ್ನೂ ತಡೆಯುತ್ತದೆ. ಮೇಲಿನ ಪದರ ಸವೆಯುತ್ತದೆ, ಅಡಿಯಿಂದ ಹೊಸದು ಬರುವುದಿಲ್ಲ. ಕೆನ್ನೆಯ ಒಳಭಾಗ, ನಾಲಗೆಯ ಅಂಚು, ತುಟಿಯ ಒಳಬದಿ ಮೊದಲು ಕೆಂಪಾಗುತ್ತವೆ, ಆಮೇಲೆ ಒಡೆಯುತ್ತವೆ. ಅದೇ ದಿನಗಳಲ್ಲಿ ರಕ್ತದ ಬಿಳಿಕಣಗಳೂ ಕಡಿಮೆಯಾಗಿರುತ್ತವೆ. ಹುಣ್ಣಿಗೆ ಸೋಂಕು ತಗಲಿದರೆ ತಡೆಯುವವರಿಲ್ಲ. ಡಾಕ್ಟರು ಇದಕ್ಕೆ ಮ್ಯೂಕೋಸೈಟಿಸ್ ಎನ್ನುತ್ತಾರೆ. ಸಾಮಾನ್ಯ ಕಿಮೋ ತೆಗೆದುಕೊಳ್ಳುವ ನೂರು ಜನರಲ್ಲಿ ಸುಮಾರು 40 ಜನಕ್ಕೆ ಇದು ಬರುತ್ತದೆ ಎಂಬುದು ವೈದ್ಯರು ಬಹಳ ಕಾಲದಿಂದ ಹೇಳುತ್ತ ಬಂದ ಲೆಕ್ಕ. ತಲೆ, ಕುತ್ತಿಗೆ, ಬಾಯಿಯ ಕ್ಯಾನ್ಸರಿಗೆ ಕಿಮೋದ ಜೊತೆ ವಿಕಿರಣವನ್ನೂ ಕೊಡುವಾಗ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಎಲೆಅಡಿಕೆ, ಹೊಗೆಸೊಪ್ಪು ಜಗಿಯುವ ಅಭ್ಯಾಸ ಇರುವ ನಮ್ಮ ಕಡೆ ಅಂಥ ರೋಗಿಗಳು ಕಡಿಮೆಯೇನಲ್ಲ.

ಕಾಪು ಕಡೆಯ ನನ್ನ ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಆಗಿ 'ಕೆಂಪು ಮದ್ದು' ಸುರುವಾಗಿತ್ತು. ವಾರ್ಡಿನಲ್ಲಿ ಎಲ್ಲರೂ ಅದನ್ನು ಕರೆಯುವುದು ಹಾಗೆಯೇ; ಡಾಕ್ಸೊರೂಬಿಸಿನ್ ಎಂದು ಯಾರು ಹೇಳುತ್ತಾರೆ! ಬಾಟಲಿಯಿಂದ ನಳಿಗೆಯಲ್ಲಿ ಇಳಿಯುವಾಗ ಕುಂಕುಮ ಕಲಸಿದ ನೀರಿನ ಬಣ್ಣ. ಮನೆಗೆ ಬಂದು ಒಂದು ವಾರಕ್ಕೆ ಅವರು ಊಟಕ್ಕೆ ಕರೆದರೆ "ಈಗ ಹಸಿವಿಲ್ಲ, ಆಮೇಲೆ ಉಣ್ಣುವ" ಎನ್ನತೊಡಗಿದರು. ಸೊಸೆ ಅದನ್ನು ನಂಬಿದಳು. ಕಿಮೋ ಆದವರಿಗೆ ಹಸಿವಿರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರಲ್ಲ. ಒಂದು ರಾತ್ರಿ ನೀರು ಕುಡಿಯುವಾಗ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವಳು ಟಾರ್ಚು ತಂದು, "ಅತ್ತೆ, ಒಮ್ಮೆ ಬಾಯಿ ತೆರೀರಿ, ನೋಡುವ" ಎಂದಳು. ಒಳಗೆ ಕೆನ್ನೆಯ ಎರಡೂ ಬದಿ ಚರ್ಮ ಸುಲಿದು ಬಿಳಿ ಅಂಚಿನ ಹುಣ್ಣು, ನಾಲಗೆಯ ಅಡಿಯಲ್ಲಿಯೂ ಇತ್ತು. "ಯಾಕೆ ಹೇಳಲಿಲ್ಲ ಅತ್ತೆ?" ಎಂದರೆ ಅವರು ಕೈಯಲ್ಲೇ ಸನ್ನೆ ಮಾಡಿದರು, ಅಷ್ಟಕ್ಕೆಲ್ಲ ಏನು ಹೇಳುವುದು ಎಂಬ ಹಾಗೆ. ಆಮೇಲೆ ನಿಧಾನವಾಗಿ, ತುಟಿ ಅಲ್ಲಾಡಿಸದೆ ಹೇಳಿದರು: "ಇಷ್ಟು ದೊಡ್ಡ ಸೀಕು ಇಟ್ಟುಕೊಂಡು ಬಾಯಿಹುಣ್ಣು ಅಂತ ಹೇಳಿದ್ರೆ ನಗಾಡ್ಯಾರು."

ಈ ಮಾತು ನನ್ನನ್ನು ಬಹಳ ಕಾಡಿದೆ. ಬಾಯಿಹುಣ್ಣು ನಮಗೆಲ್ಲ ಗೊತ್ತಿರುವ ಸಣ್ಣ ತೊಂದರೆ. ಎರಡು ದಿನ ಖಾರ ಬಿಟ್ಟರೆ ಹೋಗುತ್ತದೆ. ಹಾಗಾಗಿ ಕ್ಯಾನ್ಸರ್ ಎಂಬ ಹೆಸರಿನ ಎದುರು ಅದನ್ನು ಹೇಳಿಕೊಳ್ಳಲು ರೋಗಿಗೆ ಸಂಕೋಚ. ಇನ್ನೊಂದು ತೊಡಕೂ ಇದೆ. ಕಾಲು ನೋಯುವವರು ಕಾಲು ನೋಯುತ್ತದೆ ಎಂದು ಹೇಳಬಲ್ಲರು. ಬಾಯಿ ನೋಯುವವರು ಹೇಳಬೇಕಾದದ್ದು ಆ ಬಾಯಿಯಿಂದಲೇ. ಒಂದೊಂದು ಮಾತಿಗೂ ನಾಲಗೆ ಹಲ್ಲಿಗೆ ತಾಗಿ ಉರಿಯುತ್ತದೆ. ಹಾಗಾಗಿ ಅವರು ಮಾತು ಕಡಿಮೆ ಮಾಡುತ್ತಾರೆ, ಮನೆಯವರು ಅದನ್ನು ಬೇಸರ ಎಂದು ತಿಳಿಯುತ್ತಾರೆ. ಆದ್ದರಿಂದ ಈ ಒಂದು ನೋವಿನ ಮಟ್ಟಿಗೆ ಹೇಳುವ ಹೊಣೆಯನ್ನು ರೋಗಿಯ ಮೇಲೆ ಬಿಡಬಾರದು, ಕೇಳುವ ಹೊಣೆ ಮನೆಯವರದು ಎಂಬುದೇ ನನ್ನ ಗಟ್ಟಿಯಾದ ಅಭಿಪ್ರಾಯ.

ಏನೆಂದು ಕೇಳಬೇಕು? "ಬಾಯಿ ನೋವುಂಟಾ?" ಎಂದರೆ "ಸ್ವಲ್ಪ" ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1979ರಲ್ಲಿ ಈ ಹುಣ್ಣಿಗೆ ಒಂದು ಅಳತೆ ಮಾಡಿತು, ಇಂದಿಗೂ ವೈದ್ಯರು ಅದನ್ನು ಬಳಸುತ್ತಾರೆ. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು, ಹುಣ್ಣಿನ ಗಾತ್ರಕ್ಕಿಂತ ಊಟದ ಕಡೆಗೆ ಅದು ಕೊಟ್ಟ ಗಮನ. ಬಾಯಿ ಕೆಂಪಾಗಿ ಉರಿ ಇದ್ದರೆ ಒಂದನೆಯ ಹಂತ. ಹುಣ್ಣಾಗಿದೆ, ಆದರೂ ಗಟ್ಟಿ ಆಹಾರ ತಿನ್ನಬಲ್ಲರು ಎಂದರೆ ಎರಡು. ನೀರಾದ ಆಹಾರ ಮಾತ್ರ ಇಳಿಯುತ್ತದೆ ಎಂದರೆ ಮೂರು. ಬಾಯಿಯಿಂದ ಏನನ್ನೂ ತೆಗೆದುಕೊಳ್ಳಲಾಗದಿದ್ದರೆ ನಾಲ್ಕು. ನಮ್ಮ ಊರಿನ ಬಟ್ಟಲಿನಲ್ಲಿ ಹೇಳುವುದಾದರೆ ಊಟ ಉರಿಯುತ್ತದೆ, ಮೆತ್ತಗಿನ ಗಂಜಿ ಉಣ್ಣಬಹುದು, ಗಂಜಿಯ ತೆಳಿ ಮಾತ್ರ, ತೆಳಿಯೂ ಇಲ್ಲ. ಹಾಗಾದರೆ ದಿನವೂ ಕೇಳಬೇಕಾದ ಪ್ರಶ್ನೆ "ಇವತ್ತು ಗಂಟಲಲ್ಲಿ ಏನು ಇಳಿಯಿತು?" ಎಂಬುದು. ಉತ್ತರವನ್ನು ಮಕ್ಕಳ ಹಳೆ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಗಂಜಿಯಿಂದ ತೆಳಿಗೆ ಇಳಿದ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು, ಮುಂದಿನ ತಾರೀಕಿನವರೆಗೆ ಕಾಯಬಾರದು. ಮಾಯ್ದ ಮೇಲೆ ಹೋದರೂ ಆ ನೋಟ್‌ಬುಕ್ಕನ್ನು ಡಾಕ್ಟರ ಮೇಜಿನ ಮೇಲೆ ಇಡಬೇಕು. ಮದ್ದಿನ ಪ್ರಮಾಣ ತಗ್ಗಿಸುವುದೋ ನಡುವೆ ಅಂತರ ಕೊಡುವುದೋ ಎಂದು ಅವರು ಯೋಚಿಸುವುದಕ್ಕೆ ಅದು ಆಧಾರ. ಬಾಯಿ ಕೆಟ್ಟ ಕಾರಣದಿಂದಲೇ ಕಿಮೋ ಮುಂದೆ ಹೋಗುವುದುಂಟು. ಸಣ್ಣ ತೊಂದರೆ ಎನ್ನುವವರು ಇದನ್ನು ನೆನಪಿಡಬೇಕು.

ಅಡುಗೆಮನೆಗೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಯುದ್ಧ ನಡೆಯುವುದು ಅಲ್ಲಿ. ನಮ್ಮ ಕರಾವಳಿಯ ಊಟ ಹುಳಿಯ ಮತ್ತು ಖಾರದ ಊಟ. ಬಂಗುಡೆಗೆ ಪುಳಿಮುಂಚಿ, ಮಟ್ಟುಗುಳ್ಳಕ್ಕೆ ಹುಳಿ, ಗಂಜಿಗೆ ಮಿಡಿ ಉಪ್ಪಿನಕಾಯಿ, ಬಾಯಾರಿದರೆ ಪುನರ್ಪುಳಿ ಶರಬತ್ತು. ಇವೆಲ್ಲ ಹುಣ್ಣಾದ ಬಾಯಿಗೆ ಬೆಂಕಿ. ನೋಡಲು ಬರುವ ನೆಂಟರು ಪ್ರೀತಿಯಿಂದ ತರುವ ಕಿತ್ತಳೆ, ಮೂಸಂಬಿಯೂ ಹಾಗೆಯೇ. ಅದನ್ನು ಸುಲಿದು ಕೈಯಲ್ಲಿ ಕೊಟ್ಟು "ಒಂದು ಎಸಳು ತಿನ್ನಿ" ಎಂದು ಎದುರಿಗೇ ಕೂತರೆ, ಬೇಡ ಎನ್ನಲಾರದೆ ಬಾಯಿಗೆ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಬಾಳೆಹಣ್ಣು, ಚಿಕ್ಕು, ಪಪ್ಪಾಯಿ ತನ್ನಿ. ಅದನ್ನೂ ಮನೆಯಲ್ಲಿಟ್ಟು ಹೋಗಿ, ಅವರಿಗೆ ಆಗುವ ಹೊತ್ತಿಗೆ ತಿನ್ನಲಿ.

ಗಂಜಿಯೇ ಗತಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕುಚ್ಚಲಕ್ಕಿಯ ಅನ್ನ ಎಷ್ಟು ಬೆಂದರೂ ಅಗುಳು ಅಗುಳಾಗಿಯೇ ನಿಲ್ಲುತ್ತದೆ. ಹುಣ್ಣಿನ ಮೇಲೆ ಆ ಅಗುಳು ಉಜ್ಜಿದರೆ ಜೀವ ಹೋದ ಹಾಗಾಗುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಕಡೆಗೆ ಕಂಡುಕೊಂಡ ದಾರಿ ಹೀಗೆ: ಅಕ್ಕಿಯನ್ನು ಮೊದಲೇ ಮಿಕ್ಸಿಯಲ್ಲಿ ನುಚ್ಚು ಮಾಡಿ, ಎರಡು ಹಿಡಿ ಹೆಸರುಬೇಳೆ ಸೇರಿಸಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಇಳಿಸಿದ ಮೇಲೆ ಮತ್ತೊಮ್ಮೆ ಕಡೆದು, ಕಾಯಿಸಿದ ಹಾಲು, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು. ಆರಿದ ಮೇಲೆ ಲೋಟದಲ್ಲಿ ಕೊಡುವುದು. ಚಮಚದ ಅಂಚು ತುಟಿಗೆ ತಾಗಿ ನೋಯುತ್ತಿತ್ತು, ಲೋಟದಲ್ಲಿ ಸುಲಭವಾಯಿತು. ಬರೀ ತೆಳಿಯಲ್ಲಿ ಒಂದು ವಾರ ಕಳೆದರೆ ತೂಕ ಇಳಿಯುತ್ತದೆ, ಗಾಯ ಮಾಯುವುದಕ್ಕೆ ಬೇಕಾದ ಕಸುವೂ ದೇಹಕ್ಕೆ ಸಿಗುವುದಿಲ್ಲ. ಆದ್ದರಿಂದ ಬೇಳೆ, ಹಾಲು, ಚೆನ್ನಾಗಿ ಬೇಯಿಸಿದ ಮೊಟ್ಟೆ ಯಾವ ರೂಪದಲ್ಲಾದರೂ ಸೇರಬೇಕು. ಮೀನು ತಿನ್ನುವ ಮನೆಯಾದರೆ ಕಾಣೆ ಮೀನನ್ನು ಮೆಣಸು ಹಾಕದೆ ತೆಂಗಿನಹಾಲಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಹಿಚುಕಿ ಕೊಡಬಹುದು. ರಾಗಿ ಮಣ್ಣಿ, ಕೂವೆ ಹುಡಿಯ ಮಣ್ಣಿ ಮಕ್ಕಳಿಗೆ ಮಾಡುವ ಹಾಗೆಯೇ. ಸೀಯಾಳ ಎದುರಿಗೇ ಕೆತ್ತಿಸಿ ಕುಡಿಸಿ. ಕಿಡ್ನಿಯ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಎಲ್ಲವೂ ಉಗುರು ಬೆಚ್ಚಗೆ ಅಥವಾ ತಣ್ಣಗೆ. ತಂಬುಳಿಯೂ ತಂಪೇ, ಆದರೆ ಬಿಳಿಕಣ ಕಡಿಮೆಯಿರುವ ದಿನಗಳಲ್ಲಿ ಹಸಿ ಸೊಪ್ಪು ಅರೆದ ಪದಾರ್ಥ ಬೇಡ. ಒಂದೆಲಗವನ್ನು ಬೇಯಿಸಿ ಅರೆದರೆ ಆದೀತು.

ಹಿರಿಯರು ಬಾಯಿಹುಣ್ಣಿಗೆ "ಉಷ್ಣ ಆಗಿದೆ" ಎನ್ನುತ್ತಾರೆ. ಕಿಮೋ ಹುಣ್ಣಿನ ಕಾರಣ ಬೇರೆ. ಆದರೂ ಉಷ್ಣಕ್ಕೆಂದು ಅವರು ಕೊಡುವ ಮೆತ್ತಗಿನ, ತಣ್ಣಗಿನ, ಖಾರವಿಲ್ಲದ ಊಟ ಈ ಹುಣ್ಣಿಗೂ ಹೊಂದುತ್ತದೆ, ಅಜ್ಜಿಯರ ಜೊತೆ ವಾದಕ್ಕೆ ನಿಲ್ಲಬೇಕಾಗಿಲ್ಲ. ವಾದಕ್ಕೆ ನಿಲ್ಲಬೇಕಾದದ್ದು ಮೆಡಿಕಲ್ ಶಾಪಿನ ಎದುರು. ಬಾಯಿಹುಣ್ಣು ಎಂದ ಕೂಡಲೇ ಬಿ-ಕಾಂಪ್ಲೆಕ್ಸ್ ಮಾತ್ರೆ ಒಂದು ಪಟ್ಟಿ ತರುವುದು ನಮ್ಮೆಲ್ಲರ ಅಭ್ಯಾಸ. ವಿಟಮಿನ್ ಕೊರತೆಯಿಂದಾದ ಹುಣ್ಣಿಗೆ ಅದು ಸರಿಯಾದ ಮದ್ದೂ ಹೌದು. ಆದರೆ ಆ ಮಾತ್ರೆಗಳಲ್ಲಿ ಹಲವಕ್ಕೆ ಫೋಲಿಕ್ ಆಮ್ಲ ಸೇರಿರುತ್ತದೆ. ಕರುಳಿನ ಮತ್ತು ಸ್ತನದ ಕ್ಯಾನ್ಸರಿಗೆ ಮನೆಯಲ್ಲೇ ನುಂಗಲು ಕೊಡುವ ಕ್ಯಾಪೆಸಿಟಬಿನ್ ಎಂಬ ಕಿಮೋ ಮಾತ್ರೆಯ ಜೊತೆ ಫೋಲಿಕ್ ಆಮ್ಲ ಸೇರಿದರೆ ಬಾಯಿಹುಣ್ಣು, ಭೇದಿ ಎರಡೂ ಜೋರಾಗುತ್ತವೆ. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಮದ್ದಿನ ಜೊತೆ ಸೇರಿದರೆ ಆ ಮದ್ದಿನ ಕೆಲಸಕ್ಕೇ ಅಡ್ಡ ಬರುತ್ತದೆ. ಒಳ್ಳೆಯದಕ್ಕೆಂದು ತಂದ ಮಾತ್ರೆ ಹೀಗೆ ಕೆಟ್ಟದ್ದು ಮಾಡಬಲ್ಲದು. ಕಿಮೋ ನಡೆಯುವಾಗ ಡಾಕ್ಟರನ್ನು ಕೇಳದೆ ವಿಟಮಿನ್ ಮಾತ್ರೆಯನ್ನೂ ನುಂಗಬಾರದು.

ಈ ಫೋಲಿಕ್ ಆಮ್ಲದ ಹಿಂದೆ ನಮ್ಮ ದೇಶದವರೇ ಒಬ್ಬರ ದೊಡ್ಡ ಕಥೆ ಇದೆ. ಯಲ್ಲಾಪ್ರಗಡ ಸುಬ್ಬರಾವ್ 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ರೋಗದಿಂದ ತೀರಿಕೊಂಡರು, ಅವರನ್ನೂ ಆ ರೋಗ ಕಾಡಿತು. ನಾಲಗೆ ಕೆಂಪಾಗಿ ಹುಣ್ಣಾಗುವುದು ಆ ರೋಗದ ಲಕ್ಷಣಗಳಲ್ಲೊಂದು. ಅಮೆರಿಕಕ್ಕೆ ಹೋದ ಮೇಲೆ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು, ಆಮೇಲೆ ಅದರ ಎದುರಾಳಿಗಳನ್ನೂ ತಯಾರಿಸಿತು. ಅವುಗಳಲ್ಲಿ ಒಂದಾದ ಅಮಿನಾಪ್ಟೆರಿನ್ ಅನ್ನು ಬೋಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಕ್ಕಳಿಗೆ ತಾತ್ಕಾಲಿಕವಾಗಿ ಗುಣ ಕಂಡಿತು. ಬಾಯಿ ಹುಣ್ಣಾಗುವುದು ಆ ಮೊದಲ ಮಕ್ಕಳಲ್ಲಿಯೇ ಕಂಡ ತೊಂದರೆ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಇಂದು ಬಳಸುವ ಮೆಥೊಟ್ರೆಕ್ಸೇಟ್ ಅದೇ ಕುಟುಂಬದ್ದು. ಹೀಗೆ ಕಿಮೋ ಎಷ್ಟು ಹಳೆಯದೋ ಬಾಯಿಹುಣ್ಣೂ ಅಷ್ಟೇ ಹಳೆಯದು. ಪಥ್ಯ ತಪ್ಪಿದ್ದಕ್ಕೆ ಬಂತು, ನೇಮದ ಊಟ ಮಾಡಿದ್ದಕ್ಕೆ ಬಂತು ಎಂದು ರೋಗಿಯನ್ನು ದೂರುವವರು ಇದನ್ನು ತಿಳಿಯಬೇಕು.

ತಡೆಯುವ ದಾರಿ ಇಲ್ಲವೇ? ಕೆಲವು ಇವೆ. ಅತ್ಯಂತ ಸರಳವಾದದ್ದು ಬಾಯಿ ಮುಕ್ಕಳಿಸುವುದು. ಒಂದು ಲೋಟ ಕುದಿಸಿ ಆರಿಸಿದ ಉಗುರು ಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು. ಬಾಯಿಯೊಳಗೆ ಮೆಲ್ಲಗೆ ಅತ್ತಿತ್ತ ಆಡಿಸಿ ಉಗುಳುವುದು, ಎಚ್ಚರವಿರುವಾಗ ಎರಡು ಮೂರು ಗಂಟೆಗೊಮ್ಮೆ. ಹುಣ್ಣು ಬರುವ ಮೊದಲೇ, ಕಿಮೋ ಆದ ದಿನದಿಂದಲೇ ಸುರುಮಾಡಬೇಕು. ಹುಣ್ಣನ್ನು ಇದು ಮಂತ್ರದಂತೆ ಮಾಯಿಸುವುದಿಲ್ಲ, ಬಾಯಿಯನ್ನು ಶುದ್ಧವಾಗಿ, ಪಸೆಯಾಗಿ ಇಡುತ್ತದೆ. ಅಂಗಡಿಯ ಘಮಘಮ ಮೌತ್‌ವಾಶ್‌ಗಳಲ್ಲಿ ಹಲವಕ್ಕೆ ಆಲ್ಕೋಹಾಲ್ ಸೇರಿರುತ್ತದೆ, ಅವು ಉರಿಯನ್ನು ಹೆಚ್ಚಿಸುತ್ತವೆ. ಬ್ರಷ್ ಮಕ್ಕಳದ್ದರಷ್ಟು ಮೆತ್ತಗಿರಲಿ; ನೋಯುತ್ತದೆಂದು ಹಲ್ಲುಜ್ಜುವುದನ್ನೇ ಬಿಡಬಾರದು. ಹಲ್ಲಿನ ಸೆಟ್ ಇದ್ದವರು ರಾತ್ರಿ ತೆಗೆದಿಡಲಿ, ಹುಣ್ಣಾದಾಗ ಹಗಲೂ ತೆಗೆದಿಡಲಿ. ತುಟಿಗೆ ವ್ಯಾಸಲೀನ್. ಎಲೆಅಡಿಕೆ ಮಾತ್ರ ಪೂರ್ತಿ ಬಿಡಬೇಕು, ಸುಣ್ಣ ತಾಗಿದ ಹುಣ್ಣಿನ ಉರಿಯನ್ನು ಹೇಳಲಾಗದು.

ಇನ್ನೊಂದು ದಾರಿ ಐಸ್. ಫೈವ್-ಎಫ್‌ಯು ಎಂಬ ಮದ್ದನ್ನು ಸಿರಿಂಜಿನಲ್ಲಿ ಒಮ್ಮೆಲೇ ಕೊಡುವಾಗ, ಐದು ನಿಮಿಷ ಮೊದಲಿನಿಂದ ಅರ್ಧ ಗಂಟೆಯವರೆಗೆ ಬಾಯಲ್ಲಿ ಐಸ್ ತುಂಡು ಇಟ್ಟುಕೊಂಡರೆ ಹುಣ್ಣು ಕಡಿಮೆಯಾಗುತ್ತದೆ ಎಂದು 1991ರಲ್ಲೇ ಅಮೆರಿಕದ ವೈದ್ಯರು ತೋರಿಸಿದ್ದಾರೆ. ತಣ್ಣಗಾದ ಬಾಯಿಯ ರಕ್ತನಾಳ ಮುದುಡಿಕೊಳ್ಳುತ್ತದೆ, ಮದ್ದು ಅಲ್ಲಿಗೆ ಕಡಿಮೆ ತಲುಪುತ್ತದೆ. ಆ ಮದ್ದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ನಮ್ಮವರಿಗೆ ಐಸ್ ಎಂದರೆ ಶೀತದ ಹೆದರಿಕೆ. ಕಾಯಿಲೆಯವರಿಗೆ ಐಸ್ ಕೊಡುವುದುಂಟೇ ಎಂದು ಜೊತೆಗೆ ಬಂದ ಅಕ್ಕ ಅದನ್ನು ಕಸದ ಬುಟ್ಟಿಗೆ ಹಾಕಿದ್ದನ್ನೂ ಕಂಡಿದ್ದೇನೆ. ಸಿಸ್ಟರ್ ಐಸ್ ಕೊಟ್ಟರೆ ಧೈರ್ಯವಾಗಿ ಬಾಯಲ್ಲಿಡಿ. ಆದರೆ ನೀವಾಗಿಯೇ ಮಾಡಬೇಡಿ: ಆಕ್ಸಾಲಿಪ್ಲಾಟಿನ್ ಎಂಬ ಮದ್ದು ಪಡೆಯುವವರಿಗೆ ತಣ್ಣಗಿನದು ತಾಗಿದರೆ ಗಂಟಲು ಹಿಡಿದುಕೊಂಡ ಹಾಗೆ ಆಗುತ್ತದೆ, ಅವರಿಗೆ ಐಸ್ ಸಲ್ಲ. ಎರಡು ದಿನ ಪಂಪಿನಲ್ಲಿ ಮದ್ದು ಹರಿಯುವವರಿಗೆ ಅರ್ಧ ಗಂಟೆಯ ಐಸಿನಿಂದ ಆಗುವ ಪ್ರಯೋಜನವೂ ಇಲ್ಲ.

ಮೂರನೆಯದರ ಬಗ್ಗೆ ನನಗೆ ಊರಿನ ಅಭಿಮಾನ ಇದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮಣಿಪಾಲದಲ್ಲಿ, ಫಿಸಿಯೋಥೆರಪಿ ಮತ್ತು ವಿಕಿರಣ ಚಿಕಿತ್ಸಾ ವಿಭಾಗಗಳು ಸೇರಿ ಈ ಬಾಯಿಹುಣ್ಣಿನ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿವೆ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕನ್ನು ಬಾಯಿಯೊಳಗೆ ಒಂದೊಂದು ಜಾಗಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹಿಡಿಯುವುದು. ಅದು ಸುಡುವುದಿಲ್ಲ, ಕೊಯ್ಯುವುದಿಲ್ಲ. ಗಾಯದ ಕೋಶಗಳನ್ನು ಮಾಯುವುದಕ್ಕೆ ಚುರುಕುಗೊಳಿಸುತ್ತದೆ. ಅರುಣ್ ಮಯ್ಯ, ವಿದ್ಯಾಸಾಗರ್, ಡೊನಾಲ್ಡ್ ಫರ್ನಾಂಡಿಸ್ ಅವರು 50 ರೋಗಿಗಳ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಬಂತು. ಅವರ ಜೊತೆ ಅಜಯ್ ಪ್ರಶಾದ್ ಗೌತಮ್ ಸೇರಿ, ಕಿಮೋ ಮತ್ತು ವಿಕಿರಣ ಎರಡನ್ನೂ ಪಡೆಯುತ್ತಿದ್ದ 221 ರೋಗಿಗಳ ಮೇಲೆ ಮಾಡಿದ ಇನ್ನೂ ದೊಡ್ಡ ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ನಿಜವಾದ ಬೆಳಕು, ಉಳಿದವರಿಗೆ ಬೆಳಕಿಲ್ಲದೆ ಬರೀ ಉಪಕರಣ ಹಿಡಿದದ್ದು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಹುಣ್ಣನ್ನು ಅಳೆಯುವವರಿಗೂ ಗೊತ್ತಿಲ್ಲ. ಬೆಳಕು ಪಡೆದವರಲ್ಲಿ ತೀವ್ರವಾದ ಹುಣ್ಣು, ನೋವು, ನೋವಿನ ಬಲವಾದ ಮದ್ದಿನ ಅಗತ್ಯ ಎಲ್ಲವೂ ಕಡಿಮೆ ಇದ್ದವು. ಇಂಥ ಪರೀಕ್ಷೆಗಳ ಬಲದಿಂದಲೇ ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಿಗೆ ಈ ಬೆಳಕಿನ ಚಿಕಿತ್ಸೆಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿ ಇಂದು ಶಿಫಾರಸು ಮಾಡುತ್ತದೆ. ಬೀಡಿ ಕಟ್ಟುವ, ಮೀನು ಮಾರುವ, ಗದ್ದೆಗೆ ಇಳಿಯುವ ನಮ್ಮ ಊರಿನ ಜನ ನೋಯುವ ಬಾಯಿಯನ್ನು ದಿನದಿನವೂ ತೆರೆದು ಕೊಟ್ಟದ್ದರಿಂದ ಎಲ್ಲೋ ದೂರದ ದೇಶದ ರೋಗಿಗೂ ನೆರವಾಯಿತು. ಅವರ ಹೆಸರು ಯಾವ ಪ್ರಬಂಧದಲ್ಲಿಯೂ ಇರುವುದಿಲ್ಲ. ಅವರಿಗೆ ನಾವು ಋಣಿಗಳು.

ಮಂಗಳೂರಿನ ವೈದ್ಯರೂ ವಿಕಿರಣದಿಂದಾಗುವ ಹುಣ್ಣಿಗೆ ಅರಿಶಿನದ ನೀರು ಮುಕ್ಕಳಿಸಿ ನೋಡಿ, ಹುಣ್ಣು ತಡವಾಗಿ ಬಂದು ಹಗುರವಾದದ್ದನ್ನು 2014ರಲ್ಲಿ ಪ್ರಕಟಿಸಿದ್ದಾರೆ. ಅದು ಅಳತೆ ಮಾಡಿ, ಆಸ್ಪತ್ರೆಯ ನಿಗಾದಲ್ಲಿ ಕೊಟ್ಟದ್ದು. ಡಬ್ಬಿಯ ಅರಿಶಿನ ಹುಡಿಯನ್ನು ಹುಣ್ಣಿಗೆ ಮೆತ್ತುವುದಕ್ಕೆ ಅದನ್ನು ನೆಪ ಮಾಡಿಕೊಳ್ಳಬಾರದು.

ಇಷ್ಟೆಲ್ಲ ಮಾಡಿದರೂ ನೋವು ಬಂದೇ ಬಂತು ಎಂದಿಟ್ಟುಕೊಳ್ಳಿ. ತಾಳಿಕೊಳ್ಳುವುದರಲ್ಲಿ ಯಾವ ಪುಣ್ಯವೂ ಇಲ್ಲ. ಊಟಕ್ಕೆ ಮೊದಲು ಹಚ್ಚಿ ಬಾಯಿಯನ್ನು ಮರಗಟ್ಟಿಸುವ ಜೆಲ್ ಇದೆ. ಅದನ್ನು ಹಚ್ಚಿದಾಗ ಬಿಸಿ ಗೊತ್ತಾಗುವುದಿಲ್ಲ, ಕೆನ್ನೆ ಕಚ್ಚಿದ್ದೂ ಗೊತ್ತಾಗುವುದಿಲ್ಲ, ಎಚ್ಚರ ಬೇಕು. ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್ ಇದೆ. ಮಾರ್ಫಿನ್ ಎಂದ ಕೂಡಲೇ ಮನೆಯವರ ಮುಖ ಬಿಳಿಚಿಕೊಳ್ಳುತ್ತದೆ, ಕೊನೆಗಾಲ ಬಂತೇ ಎಂದು. ಹಾಗೇನಿಲ್ಲ, ಹುಣ್ಣು ಮಾಯ್ದ ಮೇಲೆ ಡಾಕ್ಟರು ಅದನ್ನು ನಿಲ್ಲಿಸುತ್ತಾರೆ. ರೋಗಿಗಳಿಗೆ ಇಂಥ ಮದ್ದು ಸಿಗುವುದು ಸುಲಭವಾಗಲೆಂದೇ 2014ರಲ್ಲಿ ಕೇಂದ್ರದ ಕಾನೂನು ತಿದ್ದುಪಡಿಯಾಯಿತು. ಮಣಿಪಾಲದಲ್ಲಿ ನೋವು ಶಮನಕ್ಕೆಂದೇ ಪ್ಯಾಲಿಯೇಟಿವ್ ವಿಭಾಗವಿದೆ. ಅದು ಸಾಯುವವರಿಗೆ ಮಾತ್ರ ಎಂಬ ತಿಳಿವಳಿಕೆಯನ್ನು ನಾವು ಬಿಡಬೇಕು. ಗುಣವಾಗುವ ದಾರಿಯಲ್ಲಿರುವವರಿಗೂ ನೋವು ನೋವೇ.

ಕೆಲವಕ್ಕೆ ಬೆಳಗಾಗುವವರೆಗೂ ಕಾಯುವಂತಿಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಹೊರಡಬೇಕು, ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬಾರದು. ನೀರೂ ಇಳಿಯದಿದ್ದರೆ, ಬಾಯಿಯಿಂದ ರಕ್ತ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಹಾಗೆಯೇ. ನಾಲಗೆಯ ಮೇಲೆ ಹಾಲಿನ ಕೆನೆಯಂಥ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು, ಅದಕ್ಕೆ ಬೇರೆ ಮದ್ದಿದೆ. ಫೈವ್-ಎಫ್‌ಯು ಅಥವಾ ಕ್ಯಾಪೆಸಿಟಬಿನ್ ಸುರುವಾದ ಮೊದಲ ಕೆಲವೇ ದಿನಗಳಲ್ಲಿ ಬಾಯಿ ತೀರಾ ಕೆಟ್ಟರೆ ಒಂದು ಕ್ಷಣವೂ ತಡಮಾಡಬೇಡಿ. ಕೆಲವರ ದೇಹದಲ್ಲಿ ಆ ಮದ್ದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಇದಕ್ಕೆಲ್ಲ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಮೊದಲ ಕಿಮೋದ ದಿನವೇ ಕೇಳಿ ಚೀಟಿಯಲ್ಲಿ ಬರೆಸಿಕೊಂಡು, ಮನೆಯ ಗೋಡೆಗೆ ಅಂಟಿಸಿ. ದೂರ ಇದ್ದವರು ಮೊದಲು ಹತ್ತಿರದ ಆಸ್ಪತ್ರೆಗೆ ಹೋದರೂ, ಕಿಮೋ ಆಗಿ ಎಷ್ಟು ದಿನವಾಯಿತು ಎಂಬುದನ್ನು ಬಾಗಿಲಲ್ಲೇ ಹೇಳಬೇಕು.

ಕಿಮೋ ಸುರುಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸುವುದನ್ನು ಹೆಚ್ಚಿನವರು ಮರೆಯುತ್ತಾರೆ. ಮುರಿದ ಹಲ್ಲಿನ ಚೂಪು ಅಂಚು, ಹುಳುಕು, ಸಡಿಲವಾದ ಸೆಟ್ ಇವೇ ಆಮೇಲೆ ಹುಣ್ಣಿಗೆ ಮೂಲವಾಗುತ್ತವೆ. ಮಣಿಪಾಲದಲ್ಲಿ 1965ರಿಂದ ದಂತ ಕಾಲೇಜು ಇದೆ, ದೂರ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮೂರು ವಾರಕ್ಕೊಮ್ಮೆ ಕಿಮೋ ಇರುವವರಿಗೆ ಮೂರನೆಯ ವಾರ ಒಳ್ಳೆಯದು. ಹೊಸ ಪದರ ಬಂದಿರುತ್ತದೆ, ನಾಲಗೆಗೆ ರುಚಿ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ಎಷ್ಟೋ ಮನೆಗಳಲ್ಲಿ ಆ ವಾರವೂ ಹೆದರಿಕೆಯಿಂದ ಸಪ್ಪೆ ಗಂಜಿಯನ್ನೇ ಮುಂದುವರಿಸುತ್ತಾರೆ. ಹಾಗೆ ಮಾಡಬೇಡಿ. ಕಳೆದುಕೊಂಡ ತೂಕವನ್ನು ಮರಳಿ ಪಡೆಯುವುದಕ್ಕೆ ಇರುವುದು ಆ ದಿನಗಳೇ. ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ, ನೆಂಟರ ಮನೆಯ ಭೇಟಿ ಇದ್ದರೂ ಆ ವಾರಕ್ಕೇ ಇಟ್ಟುಕೊಳ್ಳಿ, ಮಾತಾಡುವುದಕ್ಕೂ ಆಗ ಬಾಯಿ ಬರುತ್ತದೆ. ಚಿಕ್ಕಮ್ಮ ಎರಡನೆಯ ಕಿಮೋ ಆದ ಮೂರನೆಯ ವಾರ ಬಂಗುಡೆ ಕೇಳಿದರು. ಸೊಸೆ ಮೆಣಸನ್ನು ಕಾಲು ಪಾಲಿಗೆ ಇಳಿಸಿ, ತೆಂಗಿನಕಾಯಿ ಹೆಚ್ಚು ಹಾಕಿ ಮಾಡಿದಳು. ಅವರು ಎರಡು ಬಂಗುಡೆ ತಿಂದು, "ಖಾರ ಸಾಲದು" ಎಂದರು. ಅದನ್ನೂ ಮನೆಯವರು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿದ್ದಾರೆ.